ತಿರುಪು ಏಕೆ ಸಡಿಲವಾಗುತ್ತದೆ? ಕಬ್ಬಿಣದಿಂದ ಪ್ಲಾಸ್ಟಿಕ್‌ವರೆಗೆ

ಜಯನಗರ ನಾಲ್ಕನೇ ಬ್ಲಾಕಿನ ವಾಣಿಜ್ಯ ಸಂಕೀರ್ಣದ ಸುತ್ತ ಸಾಲಾಗಿ ನಿಂತಿರುವ ದ್ವಿಚಕ್ರ ವಾಹನಗಳನ್ನು ಎಂದಾದರೂ ಸಾವಕಾಶವಾಗಿ ನೋಡಿದ್ದೀರಾ? ಎಂಜಿನ್ನು, ಚಕ್ರ, ಹ್ಯಾಂಡಲ್ ಎಲ್ಲವೂ ಸುಸ್ಥಿತಿಯಲ್ಲಿರುವ ಗಾಡಿಯ ಪಕ್ಕದ ಮುಚ್ಚಳ ಮಾತ್ರ ದಾರದಿಂದಲೋ ಕೇಬಲ್ ಟೈಯಿಂದಲೋ ಕಟ್ಟಿಸಿಕೊಂಡು ನಿಂತಿರುತ್ತದೆ. ಇನ್ನೊಂದು ಗಾಡಿಯ ಹೆಡ್‌ಲೈಟಿನ ಡೂಮಿನಲ್ಲಿ ನಾಲ್ಕು ತಿರುಪುಗಳಿರಬೇಕಾದ ಕಡೆ ಎರಡೇ ಉಳಿದಿರುತ್ತವೆ. ತಿರುಪು ಎಂದರೆ ದಿನಬಳಕೆಯಲ್ಲಿ ನಾವೆಲ್ಲ ಸ್ಕ್ರೂ ಎನ್ನುವ ವಸ್ತು. ಎಂಜಿನ್ನಿನ ತಿರುಪು ವರ್ಷಗಟ್ಟಲೆ ಅಲುಗದೆ ಕುಳಿತಿರುವಾಗ, ಅದೇ ಗಾಡಿಯ ಪ್ಲಾಸ್ಟಿಕ್ ಭಾಗದ ತಿರುಪು ಏಕೆ ಮತ್ತೆ ಮತ್ತೆ ಉದುರಿಹೋಗುತ್ತದೆ?

ಕ್ಯಾಮೆರಾದ ಮುಂದೆ ತಿರುಪನ್ನು ಬಿಗಿದು ತೋರಿಸುವುದು ಸುಲಭ. ಅದು ಸಡಿಲಗೊಳ್ಳುವುದನ್ನು ತೋರಿಸುವುದು ಕಷ್ಟ. ತಿಂಗಳುಗಟ್ಟಲೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ನಡೆಯುವ ಕೆಲಸವದು. ಅದರ ಹಿಂದೆ ಇನ್ನೂರು ವರ್ಷಗಳ ಕಥೆಯಿದೆ. ಅದನ್ನು ಇಲ್ಲಿ ಸಮಾಧಾನವಾಗಿ ನೋಡೋಣ, ಬನ್ನಿ.

ಸುತ್ತಿಟ್ಟ ಇಳಿಜಾರು

ತಿರುಪು ಸರಳ ಯಂತ್ರಗಳಲ್ಲೊಂದು ಎಂದು ನೀವು ಪಾಠದಲ್ಲಿ ಓದಿದ್ದೀರಿ. ಕಾಗದದಲ್ಲಿ ಒಂದು ಲಂಬಕೋನ ತ್ರಿಭುಜವನ್ನು ಕತ್ತರಿಸಿ ಪೆನ್ಸಿಲಿಗೆ ಸುತ್ತಿದರೆ, ಅದರ ಇಳಿಜಾರು ಅಂಚು ತಿರುಪಿನ ಸುರುಳಿಯಾಗುತ್ತದೆ. ಮೋಟಾರ್ ಸೈಕಲ್ಲಿನಲ್ಲಿ ಧಾರಾಳವಾಗಿ ಬಳಕೆಯಾಗುವ 6 ಮಿಲಿಮೀಟರ್ ವ್ಯಾಸದ ತಿರುಪನ್ನೇ ತೆಗೆದುಕೊಳ್ಳಿ. ಒಂದು ಸುತ್ತು ತಿರುಗಿಸಿದರೆ ಅದು 1 ಮಿಲಿಮೀಟರ್ ಮುಂದೆ ಸಾಗುತ್ತದೆ. ಸುರುಳಿಯ ಮೇಲೆ ಒಂದು ಇರುವೆ ನಡೆಯುತ್ತಿದೆ ಎಂದುಕೊಳ್ಳಿ. ಸುಮಾರು 17 ಮಿಲಿಮೀಟರ್ ನಡೆದಾಗ ಅದು ಏರುವುದು 1 ಮಿಲಿಮೀಟರ್ ಮಾತ್ರ. ಈ ಏರಿನ ಕೋನ ಮೂರೂವರೆ ಡಿಗ್ರಿಗಿಂತ ಹೆಚ್ಚಿಲ್ಲ. ಒಂದು ಉಕ್ಕಿನ ಹಲಗೆಯ ಮೇಲೆ ಉಕ್ಕಿನ ತುಂಡನ್ನಿಟ್ಟು ಹಲಗೆಯನ್ನು ಓರೆ ಮಾಡುತ್ತಾ ಹೋದರೆ, ಅದು ಜಾರಲು ಸಾಮಾನ್ಯವಾಗಿ ಎಂಟು ಡಿಗ್ರಿಯ ಆಸುಪಾಸಿನ ಓರೆಯಾದರೂ ಬೇಕು. ಆದ್ದರಿಂದ ಬಿಗಿದ ತಿರುಪು ತಾನಾಗಿಯೇ ಹಿಂದಕ್ಕೆ ಉರುಳುವುದಿಲ್ಲ. ಘರ್ಷಣೆ ಅದನ್ನು ಹಿಡಿದಿಡುತ್ತದೆ.

ಹಿಂದೆ ತಿರುಪುಗಳನ್ನು ಕೈಯಲ್ಲಿ ಅರೆದು ಮಾಡುತ್ತಿದ್ದರು. ಒಂದರ ನಟ್ಟು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಲಂಡನ್ನಿನ ಹೆನ್ರಿ ಮಾಡ್ಸ್ಲೆ 1800ರ ಸುಮಾರಿಗೆ ನಿಖರವಾಗಿ ತಿರುಪು ಕತ್ತರಿಸುವ ಲೇತ್ ಯಂತ್ರವನ್ನು ಬಳಕೆಗೆ ತಂದನು. ಅವನ ಕಾರ್ಯಾಗಾರದಲ್ಲಿ ದುಡಿದಿದ್ದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ತಿರುಪಿನ ಹಲ್ಲಿಗೆ 55 ಡಿಗ್ರಿ ಕೋನವಿರಬೇಕೆಂದು ಒಂದು ಮಾನಕವನ್ನು ಸೂಚಿಸಿದನು. ಅಮೆರಿಕದ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿಯನ್ನು ಮುಂದಿಟ್ಟನು. ನಮ್ಮ ಗಾಡಿಗಳಲ್ಲಿರುವ ಮೆಟ್ರಿಕ್ ತಿರುಪಿನ ಕೋನವೂ 60 ಡಿಗ್ರಿಯೇ. ಈ ಎಲ್ಲ ಲೆಕ್ಕಾಚಾರವೂ ಲೋಹಕ್ಕಾಗಿ ನಡೆದದ್ದು ಎಂಬುದನ್ನು ನೆನಪಿಡಿ.

ಉಂಗುರದ ಪಾಠ

ಬಿಗಿದ ತಿರುಪು ಒಂದು ಸ್ಪ್ರಿಂಗಿನಂತೆ ವರ್ತಿಸುತ್ತದೆ ಎಂದರೆ ನಿಮಗೆ ಆಶ್ಚರ್ಯವಾದೀತು. 30 ಮಿಲಿಮೀಟರ್ ಉದ್ದದ ಉಕ್ಕಿನ ಬೋಲ್ಟನ್ನು ಚೆನ್ನಾಗಿ ಬಿಗಿದಾಗ ಅದು ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆ ಹಿಗ್ಗುತ್ತದೆ. ಮತ್ತೆ ಮೊದಲಿನ ಉದ್ದಕ್ಕೆ ಬರಬೇಕೆಂದು ಅದು ಎಳೆಯುವ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಆ ಎಳೆತವಿರುವವರೆಗೆ ಘರ್ಷಣೆಯಿರುತ್ತದೆ, ಘರ್ಷಣೆಯಿರುವವರೆಗೆ ತಿರುಪು ನಿಲ್ಲುತ್ತದೆ.

ಹಾಗಾದರೆ ಲೋಹದ ತಿರುಪೂ ಕೆಲವೊಮ್ಮೆ ಕಳಚುವುದೇಕೆ? ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟವು. ತಿರುಪಿನ ಉದ್ದಕ್ಕೆ ಎಳೆದು ಬಿಡುವುದಕ್ಕಿಂತ, ಅದು ಹಿಡಿದಿರುವ ಭಾಗಗಳು ಅಡ್ಡಡ್ಡಲಾಗಿ ಜಾರುವುದೇ ಹೆಚ್ಚು ಅಪಾಯಕಾರಿ ಎಂದು ಅವರು ತೋರಿಸಿದರು. ಬೆರಳಿಗೆ ಬಿಗಿಯಾದ ಉಂಗುರವನ್ನು ಸುಮ್ಮನೆ ಎಳೆದರೆ ಬಾರದು, ತಿರುಗಿಸುತ್ತಾ ಎಳೆದರೆ ಬರುತ್ತದೆ. ಇದು ಮನೆಯಲ್ಲಿ ಅಜ್ಜಿಗೂ ಗೊತ್ತಿರುವ ಸಂಗತಿ. ಒಂದು ದಿಕ್ಕಿನಲ್ಲಿ ಜಾರಲು ತೊಡಗಿದ ವಸ್ತುವಿಗೆ ಇನ್ನೊಂದು ದಿಕ್ಕಿನಲ್ಲಿ ಘರ್ಷಣೆಯ ತಡೆ ಬಹಳ ಕಡಿಮೆಯಾಗುತ್ತದೆ. ಉಂಗುರದ ವಿಷಯದಲ್ಲಿ ನಾವು ಮಾಡುವುದನ್ನೇ ತಿರುಪಿನ ವಿಷಯದಲ್ಲಿ ಕಂಪನ ಮಾಡುತ್ತದೆ. ಭಾಗಗಳು ಅಡ್ಡಕ್ಕೆ ಜಾರುವ ಪ್ರತಿಯೊಂದು ಕ್ಷಣದಲ್ಲೂ ತಿರುಪು ತನ್ನ ಇಳಿಜಾರಿನಲ್ಲಿ ಎಳ್ಳಷ್ಟು ಹಿಂದೆ ಸರಿಯುತ್ತದೆ.

ಎಳ್ಳಷ್ಟೇ ಅಲ್ಲವೇ ಎನ್ನಬೇಡಿ. ಎಂಜಿನ್ನು ನಿಮಿಷಕ್ಕೆ 4,500 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 75 ಸುತ್ತಾಯಿತು. ಬನಶಂಕರಿಯಿಂದ ಬಿ.ಟಿ.ಎಂ. ಬಡಾವಣೆಗೆ ಅರ್ಧ ಗಂಟೆಯ ಪ್ರಯಾಣ ಎಂದಿಟ್ಟುಕೊಂಡರೆ 1,35,000 ಸಲ ಅಲುಗಾಟ. ರಸ್ತೆಯ ಹಂಪು, ಹಳ್ಳಗಳ ಲೆಕ್ಕ ಬೇರೆ.

ಕಬ್ಬಿಣ ಬಲ್ಲವರ ಊರು

ಲೋಹದ ತಿರುಪನ್ನು ಹಿಡಿದಿಡುವ ವಿದ್ಯೆಯಲ್ಲಿ ಬೆಂಗಳೂರು ಹಿಂದೆ ಬಿದ್ದ ಊರಲ್ಲ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದಿಂದ ಇಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ವಿಮಾನದ ಬೋಲ್ಟಿನ ತಲೆಗೆ ತೂತು ಕೊರೆದು, ಅದರಲ್ಲಿ ತಂತಿ ಪೋಣಿಸಿ ಪಕ್ಕದ ಬೋಲ್ಟಿಗೆ ಹೆಣೆಯುವುದು ವಿಮಾನ ರಿಪೇರಿಯ ಮೊದಲ ಪಾಠಗಳಲ್ಲೊಂದು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಬಂತು. ಅದೇ ದಶಕದಲ್ಲಿ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ ಬೆಳೆಯಿತು. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರಕ್ಕೂ ಅದರ ಸುತ್ತ ಮುಂದೆ ಹುಟ್ಟಿಕೊಂಡ ಬಡಾವಣೆಗಳಿಗೂ ಆಡುಗೋಡಿ ಕೂಗಳತೆಯ ದೂರ. ಬಿ.ಟಿ.ಎಂ. ಬಡಾವಣೆಯ ಒಂದು ಭಾಗಕ್ಕೆ ಇಂದಿಗೂ ಮೈಕೋ ಲೇಔಟ್ ಎಂಬ ಹೆಸರಿದೆ.

ಅಂದಿನ ಗಾಡಿಗಳೂ ಲೋಹದವೇ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ತಯಾರಾಗತೊಡಗಿದ ಜಾವಾ, ಆಮೇಲೆ ಅದೇ ಕಾರ್ಖಾನೆಯಿಂದ ಬಂದ ಯೆಜ್ದಿ, 1972ರ ಬಜಾಜ್ ಚೇತಕ್, ಇವೆಲ್ಲವುಗಳ ಮೈ ಉಕ್ಕಿನ ತಗಡು. ಸಡಿಲವಾದರೆ ಇನ್ನೂ ಕಾಲು ಸುತ್ತು ಬಿಗಿ ಎನ್ನುವುದು ಅಂದಿನ ನಿಯಮ, ಉಕ್ಕಿನ ಮಟ್ಟಿಗೆ ಅದು ಬಹುಪಾಲು ಸರಿಯಾದ ನಿಯಮ. ನಟ್ಟಿನ ಕೆಳಗೆ ಸ್ಪ್ರಿಂಗ್ ವಾಷರ್ ಹಾಕುವುದು ವಾಡಿಕೆಯಾಗಿತ್ತು. ಅಡ್ಡ ಕಂಪನದ ಪರೀಕ್ಷೆಗಳಲ್ಲಿ ಅದು ಅಷ್ಟೇನೂ ನೆರವಾಗದು ಎಂದು ಮುಂದೆ ತಿಳಿದುಬಂತು. ಚಕ್ರದ ಅಚ್ಚಿನ ನಟ್ಟಿಗೆ ಸ್ಪ್ಲಿಟ್ ಪಿನ್ನು, ಅಲುಗಾಟ ಹೆಚ್ಚಿರುವ ಕಡೆ ಒಳಗೆ ನೈಲಾನ್ ಉಂಗುರವಿರುವ ನಟ್ಟು, ಇವು ನಂಬಿಕಸ್ಥ ಉಪಾಯಗಳು.

ಇನ್ನೊಂದು ಉಪಾಯ ರಸಾಯನಶಾಸ್ತ್ರದಿಂದ ಬಂತು. ಅಮೆರಿಕದ ಹಾರ್ಟ್‌ಫರ್ಡ್ ನಗರದ ಟ್ರಿನಿಟಿ ಕಾಲೇಜಿನ ಪ್ರಾಧ್ಯಾಪಕ ವರ್ನನ್ ಕ್ರೀಬಲ್ 1953ರಲ್ಲಿ ಒಂದು ವಿಚಿತ್ರ ಅಂಟನ್ನು ರೂಪಿಸಿದರು. ಗಾಳಿ ತಾಗುತ್ತಿರುವವರೆಗೆ ಅದು ದ್ರವ. ನಟ್ಟು ಬೋಲ್ಟುಗಳ ನಡುವೆ, ಗಾಳಿ ಆಡದ ಸಂದಿಯಲ್ಲಿ, ಲೋಹದ ಸ್ಪರ್ಶ ಸಿಕ್ಕಿದಾಗ ಅದು ಗಟ್ಟಿಯಾಗುತ್ತದೆ. ಈ ಕಾರಣಕ್ಕಾಗಿಯೇ ಅದರ ಬಾಟಲಿಯನ್ನು ಪೂರ್ತಿ ತುಂಬುವುದಿಲ್ಲ, ಒಳಗೆ ಗಾಳಿಗೆ ಜಾಗ ಬಿಟ್ಟಿರುತ್ತಾರೆ. ಲಾಕ್‌ಟೈಟ್ ಎಂಬ ಹೆಸರಿನಲ್ಲಿ ಅದು ಪ್ರಪಂಚದ ಎಲ್ಲ ಗ್ಯಾರೇಜುಗಳನ್ನೂ ಮುಟ್ಟಿತು.

ಪ್ಲಾಸ್ಟಿಕ್ ಬಂದದ್ದು

ಬೆಲ್ಜಿಯಂ ಮೂಲದ ಲಿಯೋ ಬೇಕ್‌ಲೆಂಡ್ ಅಮೆರಿಕದಲ್ಲಿ ಬೇಕಲೈಟನ್ನು ಕಂಡುಹಿಡಿದದ್ದು 1907ರಲ್ಲಿ. ಹಳೆಯ ಮನೆಗಳ ಕಪ್ಪು ಸ್ವಿಚ್ಚುಗಳು ಅದರಿಂದಲೇ ಆದವು. ಆದರೆ ದ್ವಿಚಕ್ರ ವಾಹನದ ಮೈಗೆ ಪ್ಲಾಸ್ಟಿಕ್ ದೊಡ್ಡ ಪ್ರಮಾಣದಲ್ಲಿ ಬಂದದ್ದು 1958ರಲ್ಲಿ, ಜಪಾನಿನ ಹೋಂಡಾ ಸೂಪರ್ ಕಬ್‌ನೊಂದಿಗೆ. ಅದರ ಮುಂದಿನ ಮಡ್‌ಗಾರ್ಡು ಮತ್ತು ಕಾಲಿನ ಮರೆ ಪಾಲಿಎಥಿಲೀನಿನವು. ತೂಕ ಕಡಿಮೆ, ತುಕ್ಕಿನ ಭಯವಿಲ್ಲ, ಬೇಕಾದ ಆಕಾರವನ್ನು ಒಂದೇ ಅಚ್ಚಿನಲ್ಲಿ ತೆಗೆಯಬಹುದು.

ನಮ್ಮಲ್ಲಿ ಈ ಬದಲಾವಣೆ 1980ರ ದಶಕದ ನಡುವೆ ಆಯಿತು. ಮಡಿವಾಳದಿಂದ ಹೊರಡುವ ಹೊಸೂರು ರಸ್ತೆಯ ಆ ತುದಿಯಲ್ಲಿ, ತಮಿಳುನಾಡಿನ ಗಡಿ ದಾಟಿದೊಡನೆ ಸಿಗುವ ಹೊಸೂರಿನಲ್ಲಿ, ಟಿ.ವಿ.ಎಸ್. ಕಾರ್ಖಾನೆಯು 1980ರಲ್ಲಿ ಮೊಪೆಡ್ಡನ್ನೂ 1984ರಲ್ಲಿ ಜಪಾನಿನ ಸಹಯೋಗದ ಇಂಡ್-ಸುಜುಕಿ ಮೋಟಾರ್ ಸೈಕಲ್ಲನ್ನೂ ಹೊರತಂದಿತು. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಬಂತು. ಮೊದಮೊದಲು ಪಕ್ಕದ ಮುಚ್ಚಳಗಳಷ್ಟೇ ಪ್ಲಾಸ್ಟಿಕ್. 1990ರ ದಶಕದ ಸ್ಕೂಟಿಯಲ್ಲಿ ಹೊರಮೈಯೆಲ್ಲ ಪ್ಲಾಸ್ಟಿಕ್ ಆಯಿತು. 2003ರ ಕರಿಜ್ಮಾ, 2008ರ ಯಮಾಹಾ ಆರ್15 ಬರುವ ಹೊತ್ತಿಗೆ ಮುಂಭಾಗವನ್ನೆಲ್ಲ ಆವರಿಸುವ ಪ್ಲಾಸ್ಟಿಕ್ ಕವಚ ಹುಡುಗರ ಕನಸಾಗಿತ್ತು. ಗ್ಯಾರೇಜುಗಳಲ್ಲಿ ಇದೆಲ್ಲಕ್ಕೂ ಒಂದೇ ಹೆಸರು: ಫೈಬರ್. ಕೈಗಳು ಮಾತ್ರ ಕಬ್ಬಿಣದ ಕಾಲದವೇ ಆಗಿದ್ದವು. ಸಡಿಲವಾದರೆ ಇನ್ನೂ ಕಾಲು ಸುತ್ತು ಬಿಗಿ ಎಂಬ ಹಳೆಯ ನಿಯಮ ಇಲ್ಲಿಯೂ ಮುಂದುವರಿಯಿತು. ತೊಂದರೆ ಆರಂಭವಾದದ್ದು ಅಲ್ಲಿಂದ.

ಹಗ್ಗ ಏಕೆ ಜೋತುಬೀಳುತ್ತದೆ?

ಮನೆಯ ತಾರಸಿಯ ಮೇಲೆ ಬಟ್ಟೆ ಒಣಹಾಕಲು ಹೊಸ ಪ್ಲಾಸ್ಟಿಕ್ ಹಗ್ಗವನ್ನು ಬಿಗಿಯಾಗಿ ಕಟ್ಟಿ ನೋಡಿ. ಕೆಲವೇ ದಿನಗಳಲ್ಲಿ ಅದು ಜೋತುಬೀಳುತ್ತದೆ. ಗಂಟು ಸಡಿಲವಾಗಿಲ್ಲ, ಹಗ್ಗವೇ ಮೆಲ್ಲಗೆ ಉದ್ದವಾಗಿದೆ. ಸತತ ಒತ್ತಡದಲ್ಲಿರುವ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳು ಒಂದರ ಮೇಲೊಂದು ನಿಧಾನವಾಗಿ ಸರಿಯುತ್ತವೆ. ತಿರುಪಿನ ತಲೆಯ ಕೆಳಗಿರುವ ಪ್ಲಾಸ್ಟಿಕ್ಕಿಗೂ ಇದೇ ಆಗುತ್ತದೆ. ನೀವು ಎಷ್ಟೇ ಬಿಗಿಯಿರಿ, ಒತ್ತಿದ ಪ್ಲಾಸ್ಟಿಕ್ ಬದಿಗೆ ಸರಿದು ತೆಳುವಾಗುತ್ತದೆ, ತಿರುಪಿನ ಎಳೆತ ಇಳಿಯುತ್ತದೆ, ಘರ್ಷಣೆ ಕರಗುತ್ತದೆ. ಹೆಚ್ಚು ಬಿಗಿದಷ್ಟೂ ಸರಿಯುವುದೂ ಹೆಚ್ಚು. ಬಿಗಿದು ಬಿಗಿದು ಕೊನೆಗೊಂದು ದಿನ ತಿರುಪು ಕೂರುವ ಕಿವಿಯೇ ಒಡೆಯುತ್ತದೆ.

ಎರಡನೆಯ ಕಾರಣ ಬಿಸಿಲು. ಉಕ್ಕಿಗಿಂತ ಪ್ಲಾಸ್ಟಿಕ್ ಬಿಸಿಗೆ ಏಳೆಂಟು ಪಟ್ಟು ಹೆಚ್ಚು ಹಿಗ್ಗುತ್ತದೆ. ಗಾಡಿಗಳಲ್ಲಿ ಸಾಮಾನ್ಯವಾಗಿ ಬಳಸುವ ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕಿನ ಒಂದು ಹಲಗೆಯಲ್ಲಿ ಎರಡು ತಿರುಪುಗಳ ನಡುವೆ 40 ಸೆಂಟಿಮೀಟರ್ ಅಂತರವಿದೆ ಎನ್ನಿ. ಬೆಳಗಿನ 20 ಡಿಗ್ರಿಯಿಂದ ಬಿಸಿಲಿನಲ್ಲಿ 50 ಡಿಗ್ರಿಗೆ ಏರಿದರೆ ಹಲಗೆ ಸುಮಾರು 1 ಮಿಲಿಮೀಟರ್ ಹಿಗ್ಗುತ್ತದೆ. ಅದನ್ನು ಹೊತ್ತ ಉಕ್ಕಿನ ಚೌಕಟ್ಟು ಹಿಗ್ಗುವುದು ಅದರ ಏಳನೆಯ ಒಂದು ಭಾಗ. ಉಳಿದ ಅಂತರವನ್ನು ಯಾರು ತುಂಬಬೇಕು? ಬಿಗಿದ ತಿರುಪಿನ ಕೆಳಗೆ ಹಲಗೆಯೇ ಜಾರಬೇಕು. ಯುಂಕರ್ ಹೇಳಿದ ಅಡ್ಡ ಜಾರಿಕೆ ಹೀಗೆ ದಿನವೂ, ಗಾಡಿ ನಿಂತಲ್ಲಿಯೇ ನಡೆಯುತ್ತದೆ.

ಕ್ರೀಬಲ್ಲರ ಅಂಟು ಇಲ್ಲಿ ಸಹಾಯ ಮಾಡದೇ? ಮಾಡುವುದಿಲ್ಲ, ಕೆಡುಕನ್ನೇ ಮಾಡುತ್ತದೆ. ಪ್ಲಾಸ್ಟಿಕ್ ರಂಧ್ರದಲ್ಲಿ ಅದಕ್ಕೆ ಬೇಕಾದ ಲೋಹದ ಸ್ಪರ್ಶ ಎರಡೂ ಕಡೆ ಸಿಗದು. ಹಾಗಾಗಿ ಅದು ಸರಿಯಾಗಿ ಗಟ್ಟಿಯಾಗದೆ ದ್ರವವಾಗಿಯೇ ಉಳಿಯಬಹುದು. ಆ ದ್ರವ ಎ.ಬಿ.ಎಸ್., ಪಾಲಿಕಾರ್ಬನೇಟ್ ಮುಂತಾದ ಪ್ಲಾಸ್ಟಿಕ್ಕುಗಳೊಳಗೆ ಇಳಿದು, ಮೊದಲೇ ಒತ್ತಡದಲ್ಲಿರುವ ಜಾಗದಲ್ಲಿ ಬಿರುಕು ಬಿಡಿಸುತ್ತದೆ. ಎಂಜಿನ್ನಿಗೆ ಔಷಧವಾದದ್ದು ಮುಚ್ಚಳಕ್ಕೆ ವಿಷವಾಗುವುದು ಹೀಗೆ.

ಒಲೆಯಿಂದ ಬಂದ ಉತ್ತರ

ಇದಕ್ಕೆ ಪರಿಹಾರದ ಒಂದು ಎಳೆ ಅಡುಗೆಯ ಒಲೆಯಲ್ಲಿ ಸಿಗುತ್ತದೆ. ಅಮೆರಿಕದ ಕ್ಲೀವ್‌ಲೆಂಡ್ ನಗರದ ಟಿನ್ನರ್‌ಮನ್ ಮನೆತನ ಒಲೆಗಳನ್ನು ತಯಾರಿಸುತ್ತಿತ್ತು. ಒಲೆಯ ಹೊರಮೈಗೆ ಪಿಂಗಾಣಿಯ ಲೇಪ. ನಟ್ಟು ಬಿಗಿದರೆ ಲೇಪ ಸಿಡಿಯುತ್ತಿತ್ತು, ಬಿಗಿಯದಿದ್ದರೆ ಸಾಗಣೆಯ ಅಲುಗಾಟಕ್ಕೆ ಕಳಚುತ್ತಿತ್ತು. 1920ರ ದಶಕದಲ್ಲಿ ಆಲ್ಬರ್ಟ್ ಟಿನ್ನರ್‌ಮನ್ ತೆಳುವಾದ ಸ್ಪ್ರಿಂಗ್ ಉಕ್ಕಿನ ಪಟ್ಟಿಯನ್ನು ಬಾಗಿಸಿ ನಟ್ಟಿನ ಬದಲು ಬಳಸಿದನು. ಅದು ಪಿಂಗಾಣಿಯನ್ನು ಹಿಂಡುವುದಿಲ್ಲ, ತಾನೇ ಬಾಗಿ ತಿರುಪನ್ನು ಕಚ್ಚಿ ಹಿಡಿಯುತ್ತದೆ. ಮೆತ್ತಗಿನ ಅಥವಾ ಬಿರುಸಾದ ವಸ್ತುವಿಗೆ ತಿರುಪು ಹಾಕುವಾಗ ಸ್ಪ್ರಿಂಗಿನ ಗುಣವನ್ನು ಬೇರೆ ಕಡೆಯಿಂದ ತರಬೇಕು ಎಂಬುದು ಆ ಪಟ್ಟಿಯ ಪಾಠ. ಇಂದು ನಿಮ್ಮ ಗಾಡಿಯ ಪ್ಲಾಸ್ಟಿಕ್ ಹಲಗೆಯ ಅಂಚಿಗೆ ಸಿಕ್ಕಿಸಿರುವ ಸಣ್ಣ ತಗಡಿನ ಕ್ಲಿಪ್ಪು ಅದರ ವಂಶದ್ದೇ.

ಉಳಿದ ಉಪಾಯಗಳೂ ಇದೇ ದಾರಿಯವು. ಪ್ಲಾಸ್ಟಿಕ್ಕಿಗೆಂದೇ ಮಾಡಿದ ತಿರುಪಿನ ಹಲ್ಲುಗಳು ದೂರ ದೂರ ಇರುತ್ತವೆ, ಅವುಗಳ ಕೋನ 60ರ ಬದಲು 30 ಡಿಗ್ರಿಯಷ್ಟು ಚೂಪಾಗಿರಬಹುದು. ಚೂಪಾದ ಹಲ್ಲು ಪ್ಲಾಸ್ಟಿಕ್ಕನ್ನು ಹೊರಕ್ಕೆ ತಳ್ಳುವುದು ಕಡಿಮೆ, ಹಾಗಾಗಿ ಕಿವಿ ಸೀಳುವುದಿಲ್ಲ. ಆಗಾಗ ಬಿಚ್ಚಬೇಕಾದ ಕಡೆ ಪ್ಲಾಸ್ಟಿಕ್ಕಿನೊಳಗೆ ಹಿತ್ತಾಳೆಯ ತೋಳನ್ನು ಹುದುಗಿಸಿರುತ್ತಾರೆ, ಲೋಹದ ತಿರುಪಿಗೆ ಲೋಹದ ಹಲ್ಲೇ ಸಿಗುತ್ತದೆ. ಎಲ್ಲಕ್ಕಿಂತ ಜಾಣತನದ್ದು ಬುಷ್ಷು. ಹಲಗೆಯ ತೂತಿನಲ್ಲಿ ರಬ್ಬರಿನ ಉಂಗುರ, ಅದರೊಳಗೆ ಹಲಗೆಯ ದಪ್ಪಕ್ಕಿಂತ ಚೂರು ಉದ್ದವಾದ ಲೋಹದ ಕೊಳವೆ. ತಿರುಪು ಬಿಗಿಯುವುದು ಈ ಕೊಳವೆಯನ್ನು ಚೌಕಟ್ಟಿಗೆ, ಲೋಹಕ್ಕೆ ಲೋಹ. ಪ್ಲಾಸ್ಟಿಕ್ ರಬ್ಬರಿನ ನಡುವೆ ಹಾಯಾಗಿ ಕುಳಿತು, ಬಿಸಿಲಿಗೆ ಹಿಗ್ಗಿ, ಹಂಪಿಗೆ ಅಲುಗಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ.

ಹಾಗಾದರೆ ನಮ್ಮ ಬೀದಿಯ ಗಾಡಿಗಳ ಗತಿ ಹೀಗೇಕೆ? ಒಂದು ದೊಡ್ಡ ಕಾರಣ ಆ ಬುಷ್ಷು ಕಳೆದುಹೋಗುವುದು. ಬ್ಯಾಟರಿಗಾಗಿ ಮುಚ್ಚಳ ಬಿಚ್ಚಿದಾಗ ಕಡಲೆಕಾಳಿನ ಗಾತ್ರದ ಕೊಳವೆ ಚರಂಡಿಗೆ ಉರುಳುತ್ತದೆ. ಮರಳಿ ಜೋಡಿಸುವಾಗ ತಿರುಪು ನೇರವಾಗಿ ಪ್ಲಾಸ್ಟಿಕ್ಕನ್ನು ಹಿಂಡುತ್ತದೆ. ಆರು ತಿಂಗಳಿಗೆ “ಥ್ರೆಡ್ ಹೋಗಿದೆ ಸಾರ್, ಹೊಸ ಪ್ಯಾನೆಲ್ಲೇ ಹಾಕಬೇಕು” ಎಂಬ ಮಾತು ಕೇಳಿಬರುತ್ತದೆ. ಒಂದು ಕೊಳವೆ ಹೋದದ್ದಕ್ಕೆ ಇಡೀ ಹಲಗೆ ಕಸಕ್ಕೆ. ಖರ್ಚಷ್ಟೇ ಆದರೆ ಸಹಿಸಬಹುದು. ಮುಂದಿನ ಮಡ್‌ಗಾರ್ಡಿನ ತಿರುಪು ಕಳಚಿ ಅದು ಚಕ್ರಕ್ಕೆ ಸಿಕ್ಕಿದರೆ, ಕವಚ ಜರುಗಿ ಹ್ಯಾಂಡಲ್ ತಿರುಗದಂತಾದರೆ, ಪ್ರಾಣಕ್ಕೇ ಸಂಚಕಾರ.

ಬೀದಿಬದಿಯ ಮೆಕ್ಯಾನಿಕ್ಕುಗಳ ಉಪಾಯಗಳನ್ನೂ ಇದೇ ಒರೆಗೆ ಹಚ್ಚಿ ನೋಡಿ. ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ವಾಷರಿನಂತೆ ಹಾಕುವವರಿದ್ದಾರೆ. ಅದು ಒಳ್ಳೆಯ ವಿಜ್ಞಾನ, ರಬ್ಬರ್ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಅಗಲವಾದ ವಾಷರ್ ಒತ್ತಡವನ್ನು ಹಂಚುತ್ತದೆ, ಅದೂ ಸರಿ. ತಿರುಪಿಗೆ ನಲ್ಲಿಯವರ ಟೆಫ್ಲಾನ್ ಟೇಪು ಸುತ್ತುವುದು ಸವೆದ ರಂಧ್ರವನ್ನು ಸ್ವಲ್ಪ ಕಾಲ ತುಂಬೀತು, ಶಾಶ್ವತವಲ್ಲ. ಫೆವಿಕ್ವಿಕ್ ಎ.ಬಿ.ಎಸ್.ಗೆ ಹಿಡಿಯುತ್ತದೆ, ಪಾಲಿಪ್ರೊಪಿಲೀನಿಗೆ ಸರಿಯಾಗಿ ಹಿಡಿಯದು. ತಿರುಪಿನ ಮೇಲೆಯೇ ಅದನ್ನು ಸುರಿದರೆ ಮುಂದಿನ ಸಲ ಬಿಚ್ಚುವವರ ಪಾಡು ದೇವರಿಗೇ ಪ್ರೀತಿ. ಕೆಟ್ಟ ಕಿವಿಗೆ ಕಾದ ಸೋಲ್ಡರಿಂಗ್ ಕಡ್ಡಿಯಿಂದ ಹಿತ್ತಾಳೆಯ ತೋಳನ್ನು ಕೂರಿಸುವ ಕುಶಲಿಗಳೂ ಇದ್ದಾರೆ. ಬಿಸಿಗೆ ಮೆತ್ತಗಾಗುವ ಪ್ಲಾಸ್ಟಿಕ್ಕಿನಲ್ಲಿ ಮಾತ್ರ ಅದು ಸಾಧ್ಯ. ಬೇಕಲೈಟು ಮತ್ತೆ ಮೆತ್ತಗಾಗದು.

ನೀವೇ ಮಾಡಿ ನೋಡಿ

ಮನೆಯಲ್ಲಿ ಹಿರಿಯರ ಅಪ್ಪಣೆ ಪಡೆದು, ಗಾಡಿ ತಣ್ಣಗಿರುವಾಗ ಪಕ್ಕದ ಮುಚ್ಚಳವೊಂದನ್ನು ಬಿಚ್ಚಿ ಅದರ ಒಳಬದಿ ನೋಡಿ. ಎಬಿಎಸ್ ಅಥವಾ ಪಿಪಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿರುವುದು ಸಾಮಾನ್ಯ. ಅದು ಪ್ಲಾಸ್ಟಿಕ್ಕಿನ ಜಾತಿ. ತೂತುಗಳಲ್ಲಿ ರಬ್ಬರಿದೆಯೇ, ಕೊಳವೆಯಿದೆಯೇ ಎಂದು ಪರೀಕ್ಷಿಸಿ. ಇಲ್ಲವಾದರೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಿ, ಇಡೀ ಮುಚ್ಚಳಕ್ಕಿಂತ ಬುಷ್ಷು ಎಷ್ಟೋ ಅಗ್ಗ. ಬಿಚ್ಚಿದ ತಿರುಪುಗಳನ್ನು ಆಯಾ ಜಾಗದ ಕ್ರಮದಲ್ಲಿಯೇ ಒಂದು ಕಾಗದದ ಮೇಲೆ ಜೋಡಿಸಿಡಿ, ಉದ್ದದ ತಿರುಪು ಗಿಡ್ಡದರ ಜಾಗಕ್ಕೆ ಹೋದರೆ ಪ್ಲಾಸ್ಟಿಕ್ಕನ್ನು ತೂರಿಕೊಂಡು ಬಂದೀತು. ಮರಳಿ ಹಾಕುವಾಗ ಒಂದು ಗುಟ್ಟು: ಮೊದಲು ತಿರುಪನ್ನು ಉಲ್ಟಾ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಅದು ಟಕ್ಕನೆ ಇಳಿದಂತೆ ಅನ್ನಿಸಿದಾಗ ಹಳೆಯ ಹಲ್ಲು ಸಿಕ್ಕಿದೆ ಎಂದು ಅರ್ಥ, ಅಲ್ಲಿಂದ ಮುಂದಕ್ಕೆ ತಿರುಗಿಸಿ. ಎಲ್ಲ ತಿರುಪುಗಳನ್ನೂ ಅರ್ಧರ್ಧ ಕೂರಿಸಿದ ಮೇಲೆಯೇ ಒಂದೊಂದಾಗಿ ಬಿಗಿಯಿರಿ. ತಲೆ ಕೂತು ತಡೆ ಸಿಕ್ಕಿದೊಡನೆ ನಿಲ್ಲಿಸಿ.

2018ರಲ್ಲಿ ಏಥರ್ ಕಂಪನಿಯ ವಿದ್ಯುತ್ ಸ್ಕೂಟರುಗಳು ಮೊದಲು ರಸ್ತೆಗಿಳಿದದ್ದು ಬೆಂಗಳೂರಿನಲ್ಲಿಯೇ. ವಿದ್ಯುತ್ ಗಾಡಿಗಳಲ್ಲಿ ಎಂಜಿನ್ನಿನ ನಡುಕವಿಲ್ಲ. ಆದರೆ ಬಿಸಿಲು ಅದೇ, ಹಂಪುಗಳೂ ಅವೇ, ಮೈಯ ಮೇಲಿನ ಪ್ಲಾಸ್ಟಿಕ್ಕಂತೂ ಧಾರಾಳ. ಅವುಗಳ ಮುಚ್ಚಳ ಬಿಚ್ಚಿ ಜೋಡಿಸುವವರಲ್ಲಿ ನಿಮ್ಮಲ್ಲಿ ಕೆಲವರೂ ಇರಬಹುದು, ಮುಂದೆ ಅಂಥ ಗಾಡಿಗಳನ್ನು ರೂಪಿಸುವವರೂ ಇರಬಹುದು. ಆಗ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಇನ್ನೂ ಕಾಲು ಸುತ್ತು ಬಿಗಿಯಲೇ ಎಂದು ಯೋಚಿಸುವ ಮೊದಲು, ತಾರಸಿಯ ಮೇಲೆ ಜೋತುಬಿದ್ದ ಹಗ್ಗವನ್ನು ಒಮ್ಮೆ ನೆನೆಸಿಕೊಳ್ಳಿ. ಆಮೇಲೆ ನೆಲದ ಮೇಲೆ ಆ ಪುಟ್ಟ ಬುಷ್ಷು ಎಲ್ಲಿ ಉರುಳಿದೆ ಎಂದು ಹುಡುಕಿ.